ಮಸುಕು ಮಾಡಿದ ಫೋಟೊದೊಳಗೆ ಮಗಳ ಮುಖ

ಪುಣೆಯ ಒಂದು ಸಣ್ಣ ಕಂಪನಿಯಲ್ಲಿ ಫೋಟೊ ಆ್ಯಪ್‌ಗೆ ಕೋಡ್ ಬರೆಯುವುದು ನನ್ನ ಕೆಲಸ. ಫೋಟೊದಲ್ಲಿ ಮುಖ ಮಸುಕು ಮಾಡುವ ಸೌಲಭ್ಯ ನಮ್ಮ ಆ್ಯಪ್‌ನಲ್ಲಿದೆ. ಮಕ್ಕಳ ಫೋಟೊ ಹಂಚಿಕೊಳ್ಳುವ ಅಪ್ಪ ಅಮ್ಮಂದಿರೇ ಅದನ್ನು ಜಾಸ್ತಿ ಬಳಸುವುದು.

ಒಮ್ಮೆ ಟೆಸ್ಟಿಂಗ್‌ಗೆ ನನ್ನ ಮಗಳದೇ ಫೋಟೊ ಕೊಟ್ಟೆ. ಮುಖ ಮಸುಕು ಮಾಡಿ ಸೇವ್ ಮಾಡಿದ್ದು. ಟೆಸ್ಟಿಂಗ್ ನೋಡಿಕೊಳ್ಳುವವರು ವಿಜಯಪುರದವರು. ಸ್ವಲ್ಪ ಹೊತ್ತಿಗೆ ಕರೆದರು.

"ಸರ, ನಿಮ್ಮ ಮನಿ ವಾಕಡ್‌ನಾಗ ಐತಲ್ರಿ? ಇದರಾಗ ಬಿಲ್ಡಿಂಗ್ ಸುದ್ದಾ ಗೊತ್ತಾಗತೈತಿ ನೋಡ್ರಿ."

ಫೋನಿನಲ್ಲಿ ತೆಗೆದ ಫೋಟೊದ ಫೈಲಿನಲ್ಲಿ ಎಕ್ಸಿಫ್ ಅನ್ನುವ ಒಂದು ಭಾಗ ಇರುತ್ತದೆ. ದಿನಾಂಕ, ಸಮಯ, ಫೋನಿನ ಮಾಡೆಲ್ ಎಲ್ಲ ಅಲ್ಲಿರುತ್ತದೆ. ಕ್ಯಾಮೆರಾಗೆ ಲೊಕೇಶನ್ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶವೂ ಇರುತ್ತದೆ. ಅದನ್ನು ಮ್ಯಾಪ್‌ಗೆ ಹಾಕಿದರೆ ಸಾಕು, ಮನೆ ಸಿಗುತ್ತದೆ.

ಮಸುಕು ಮಾಡಿದ ಫೋಟೊ ಸೇವ್ ಮಾಡುವ ಕೋಡ್ ಬರೆದವನು ನಾನೇ. ಎಡಿಟ್ ಮಾಡಿದರೆ ಹಳೆಯ ಫೋಟೊಗೂ ಇವತ್ತಿನ ದಿನಾಂಕ ಬೀಳುತ್ತದೆ ಅಂತ ದೂರು ಬಂದಿತ್ತು. ಮೂಲ ಫೋಟೊದ ಎಕ್ಸಿಫ್ ಅನ್ನು ಇಡಿಯಾಗಿ ಹೊಸ ಫೈಲಿಗೆ ನಕಲು ಮಾಡಿಬಿಟ್ಟೆ. ದಿನಾಂಕ ಸರಿಯಾಯಿತು. ಜೊತೆಗೆ ಇನ್ನೇನು ಬರುತ್ತಿದೆ ಅಂತ ನೋಡಲೇ ಇಲ್ಲ.

2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ, ಆ್ಯಪ್ ಪ್ರತ್ಯೇಕ ಅನುಮತಿ ಪಡೆಯದಿದ್ದರೆ ಗ್ಯಾಲರಿಯ ಫೋಟೊದಲ್ಲಿನ ಲೊಕೇಶನ್ ಅದಕ್ಕೆ ಕಾಣಿಸುವುದಿಲ್ಲ. ನಾವು ಆ ಅನುಮತಿ ಕೇಳಿದ್ದೆವು. ಅದೂ ಫೋಟೊಗಳನ್ನು ಮ್ಯಾಪ್ ಮೇಲೆ ತೋರಿಸುವ ಒಂದೇ ಪುಟಕ್ಕಾಗಿ. ಆ ಪುಟವನ್ನೇ ತೆಗೆದುಹಾಕಿದೆವು, ಅನುಮತಿಯನ್ನೂ.

ಮಾರನೇ ದಿನ ಟೆಸ್ಟಿಂಗ್‌ನವರು ತೋರಿಸಿದ್ದು ಇನ್ನೂ ಕೆಟ್ಟದ್ದು. ಎಕ್ಸಿಫ್‌ನಲ್ಲಿ ಫೋಟೊದ ಪುಟ್ಟ ನಕಲೂ ಇರಬಹುದು. ಅದನ್ನು ಥಂಬ್‌ನೇಲ್ ಅನ್ನುತ್ತಾರೆ. ಸಾಮಾನ್ಯವಾಗಿ 160 ಪಿಕ್ಸೆಲ್ ಅಗಲ, 120 ಪಿಕ್ಸೆಲ್ ಎತ್ತರ, ಅಷ್ಟೇ. ನಾವು ಮಸುಕು ಮಾಡಿದ್ದು ದೊಡ್ಡ ಚಿತ್ರವನ್ನು. ಒಳಗಿನ ಪುಟ್ಟ ಚಿತ್ರದಲ್ಲಿ ನನ್ನ ಮಗಳು ನಗುತ್ತಿದ್ದಳು, ಸ್ಪಷ್ಟವಾಗಿ. ನಮ್ಮನ್ನು ನಂಬಿ ಮಕ್ಕಳ ಮುಖ ಮರೆಮಾಡಿದ ಎಷ್ಟು ಜನರ ಫೋಟೊ ಹೀಗೇ ಹೊರಗೆ ಹೋಗಿರಬಹುದು! ಅವತ್ತು ಊಟ ಸೇರಲಿಲ್ಲ.

ಎಕ್ಸಿಫ್ ಪೂರ್ತಿ ಅಳಿಸಿ ನೋಡಿದೆ. ಎಷ್ಟೋ ಫೋಟೊಗಳು ಅಡ್ಡಡ್ಡ ಬಂದವು. ಫೋನ್ ಹಿಡಿದ ದಿಕ್ಕೂ ಅಲ್ಲೇ ಬರೆದಿರುತ್ತದೆ, ಅಲ್ವಾ? ಹಾಗಾಗಿ ಈಗ ಖಾಲಿ ಎಕ್ಸಿಫ್‌ನಿಂದ ಶುರು ಮಾಡಿ, ದಿನಾಂಕ-ಸಮಯ ಮತ್ತು ದಿಕ್ಕು ಮಾತ್ರ ಸೇರಿಸುತ್ತೇವೆ.

ಆದರೆ ಅದಾಗಲೇ ಕಳಿಸಿಬಿಟ್ಟ ಫೋಟೊಗಳನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಗುಣಮಟ್ಟ ಕೆಡಬಾರದು ಅಂತ ಎಷ್ಟೋ ಜನ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸುತ್ತಾರೆ. ಆಗ ಫೈಲ್ ಇದ್ದಂತೆಯೇ ಹೋಗುತ್ತದೆ. ರಿಲೀಸ್ ಜೊತೆ "ಸಣ್ಣಪುಟ್ಟ ದೋಷ ಸರಿಪಡಿಸಿದ್ದೇವೆ" ಅಂತ ಹಾಕಿದರೆ ಸಾಕು ಅನ್ನುವ ಮಾತು ಬಂತು. ನಾನು ಒಪ್ಪಲಿಲ್ಲ. ಏನು ಸೋರಿತ್ತು, ಹಳೆಯ ಫೋಟೊಗಳನ್ನು ಏನು ಮಾಡಬೇಕು ಅಂತ ಬಿಡಿಸಿ ಬರೆದು, ಆ್ಯಪ್ ತೆರೆದ ಕೂಡಲೇ ಕಾಣುವಂತೆ ಹಾಕಿದೆವು.

ಈಗ ಪ್ರತಿ ರಿಲೀಸ್‌ಗೆ ಮುಂಚೆ ಟೆಸ್ಟಿಂಗ್‌ನವರು ಆ್ಯಪ್‌ನಿಂದ ಹೊರಬಂದ ಫೈಲ್ ತೆರೆದು ಒಂದೊಂದೇ ಸಾಲು ಓದುತ್ತಾರೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ.