2.5 ಕ್ವಿಂಟಾಲ್ ಎಂದರೆ ಎಷ್ಟು ಕಿಲೋ?

ಶಿರಸಿಯಲ್ಲಿ ಅಡಿಕೆ ವಹಿವಾಟು ನಡೆಸುವ ಒಂದು ಸಂಸ್ಥೆಗೆ ತೂಕ, ದರ ಮತ್ತು ಪಟ್ಟಿಯ ಲೆಕ್ಕವನ್ನು ಬ್ರೌಸರ್‌ನಲ್ಲೇ ನಮೂದಿಸುವ ತಂತ್ರಾಂಶವನ್ನು ನಾನು ಮಾಡಿಕೊಟ್ಟಿದ್ದೆ. ಅದು ಬಳಕೆಗೆ ಬಂದ ಮೊದಲ ವಾರದಲ್ಲೇ, 2 ಕ್ವಿಂಟಾಲ್ 18 ಕಿಲೋ 500 ಗ್ರಾಂ 'ರಾಶಿ' ಬಗೆಯ ಅಡಿಕೆಗೆ ಬೆಳೆಗಾರರೊಬ್ಬರಿಗೆ ಸಲ್ಲಬೇಕಾದ ಹಣ 104 ರೂಪಾಯಿ 88 ಪೈಸೆ ಎಂದು ಪಟ್ಟಿ ಅಚ್ಚಾಗಿ ಬಂತು. ದರ ಕ್ವಿಂಟಾಲಿಗೆ 48,500 ಆಗಿದ್ದುದರಿಂದ ಬರಬೇಕಾಗಿದ್ದ ಮೊತ್ತ 1,05,972 ರೂಪಾಯಿ 50 ಪೈಸೆ. ಗುಮಾಸ್ತರು ದರವನ್ನು ಸರಿಯಾಗಿಯೇ, ಅಲ್ಪವಿರಾಮ ಹಾಕಿ ಬರೆದಿದ್ದರು. ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ ಎಂಬ, ಪಠ್ಯವನ್ನು ಸಂಖ್ಯೆಯಾಗಿ ಮಾಡುವ ಸೂಚನೆಯು ಎಡದಿಂದ ಓದುತ್ತ ಹೋಗಿ, ಅಂಕಿಯಲ್ಲದ ಗುರುತು ಎದುರಾದಲ್ಲಿಗೆ ನಿಲ್ಲುತ್ತದೆ. 48ರ ನಂತರದ ಅಲ್ಪವಿರಾಮದಲ್ಲಿ ಅದು ನಿಂತುಬಿಟ್ಟಿತ್ತು. ತಪ್ಪಾಯಿತೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಅವಸರದಲ್ಲಿ ನಾನು ಮಾಡಿದ ದುರಸ್ತಿ ಇನ್ನೊಂದು ತಪ್ಪಾಯಿತು. ಎಲ್ಲ ಕಾಲಂಗಳನ್ನೂ, ಅಂದರೆ ಅಂಕಿ ಬರೆಯುವ ಚೌಕಗಳನ್ನೂ, ವೆಬ್ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನ 'ನಂಬರ್' ಬಗೆಗೆ ಬದಲಿಸಿದೆ. ಬಳಕೆದಾರರು ಬರೆದದ್ದು ಅರ್ಥವಾಗದಿದ್ದರೆ ಆ ಬಗೆಯ ಕಾಲಂ ನಮ್ಮ ಸ್ಕ್ರಿಪ್ಟ್‌ಗೆ ಬರಿಯ ಖಾಲಿ ಪಠ್ಯವನ್ನು ಕೊಡುತ್ತದೆ. ಖಾಲಿ ಪಠ್ಯವನ್ನು ಜಾವಾಸ್ಕ್ರಿಪ್ಟ್ ಸಂಖ್ಯೆಯಾಗಿ ಮಾಡಿದರೆ ಸೊನ್ನೆ ಬರುತ್ತದೆ. ಹೀಗಾಗಿ ಏನೂ ಬರೆಯದವರು, ತಪ್ಪು ಬರೆದವರು ಮತ್ತು ಸೊನ್ನೆ ಬರೆದವರು ನನ್ನ ಲೆಕ್ಕದಲ್ಲಿ ಒಂದೇ ಆಗಿಬಿಟ್ಟರು. ಅದಕ್ಕಿಂತ ಕೆಟ್ಟದ್ದು ಮೌಸ್‌ನ ಚಕ್ರ. ಒಂದು ಮಧ್ಯಾಹ್ನ ತೂಕದ ಚೀಟಿಯಲ್ಲಿ 62.5 ಎಂದಿದ್ದ ಚೀಲ ಪರದೆಯಲ್ಲಿ 62.2 ಆಗಿತ್ತು. "ತಮಾ, ಇದು ನಾನು ಹಾಕಿದ ಅಂಕಿ ಅಲ್ಲವೇ ಅಲ್ಲ" ಎಂದು ಹಿರಿಯ ಗುಮಾಸ್ತರು ಬೇಸರಿಸಿಕೊಂಡರು. ನಾನು ಅವರ ಪಕ್ಕದಲ್ಲಿ ಕುಳಿತು ನೋಡಿದೆ: ತೂಕ ಬರೆದು, ಬಾಣವನ್ನು ಅದೇ ಕಾಲಂ ಮೇಲಿಟ್ಟುಕೊಂಡು, ಪುಟವನ್ನು ಕೆಳಗೆ ಸರಿಸಲು ಅವರು ಚಕ್ರವನ್ನು ಮೂರು ಹಲ್ಲು ತಿರುಗಿಸಿದರು, ಪುಟ ಸರಿಯಲಿಲ್ಲ, 300 ಗ್ರಾಂ ಅಡಿಕೆ ಸರಿಯಿತು. ಅವರ ಮೇಲೆ ಅನುಮಾನಪಟ್ಟದ್ದಕ್ಕೆ ನಾನು ಕ್ಷಮೆ ಕೇಳಬೇಕಾಯಿತು. ಬ್ರಿಟನ್ ಸರ್ಕಾರದ ವೆಬ್ ವಿನ್ಯಾಸ ತಂಡವು ಇಂಥವೇ ತೊಂದರೆಗಳ ಕಾರಣದಿಂದ 2020ರಲ್ಲಿ ತನ್ನ ಸಂಖ್ಯೆಯ ಕಾಲಂಗಳನ್ನು ಪಠ್ಯದ ಬಗೆಗೆ ತಿರುಗಿಸಿತ್ತೆಂಬುದನ್ನು ಮೊದಲೇ ಓದಿಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಈಗ ನಮ್ಮಲ್ಲಿ ಎಲ್ಲವೂ ಪಠ್ಯದ ಕಾಲಂಗಳೇ. ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆಯೇ ತೆರೆಯಲೆಂದು 'ಇನ್‌ಪುಟ್‌ಮೋಡ್' ಗುಣವನ್ನು 'ಡೆಸಿಮಲ್' ಎಂದು ಕೊಟ್ಟಿದ್ದೇವೆ. ರೂಪಾಯಿ ಚಿಹ್ನೆ ಮತ್ತು ಹಿಂದುಮುಂದಿನ ಖಾಲಿ ಜಾಗವನ್ನು ನಾವೇ ತೆಗೆಯುತ್ತೇವೆ. ಅಲ್ಪವಿರಾಮವನ್ನು ಮಾತ್ರ ಕಣ್ಣುಮುಚ್ಚಿ ತೆಗೆಯುವಂತಿಲ್ಲ. ದಶಾಂಶ ಬಿಂದುವಿನ ಬದಲಿಗೆ ಕೈತಪ್ಪಿ 62,5 ಎಂದು ಒತ್ತಿದರೆ ಅದು 625 ಕಿಲೋ ಆಗುತ್ತದೆ. ಆದ್ದರಿಂದ ಕೊನೆಯ ಅಲ್ಪವಿರಾಮದ ನಂತರ, ದಶಾಂಶ ಬಿಂದುವಿಗೆ ಮೊದಲು, ಸರಿಯಾಗಿ ಮೂರು ಅಂಕಿಗಳಿಲ್ಲದಿದ್ದರೆ ಮುಂದುವರಿಯದೆ ಕೇಳುತ್ತೇವೆ. ಟೈಪ್ ಮಾಡುತ್ತಿರುವಾಗಲೇ ಅಲ್ಪವಿರಾಮ ಸೇರಿಸಲು ಹೋದರೆ, ನಡುವಿನ ಒಂದು ಅಂಕಿಯನ್ನು ತಿದ್ದುವವರ ಕರ್ಸರ್ ಕೊನೆಗೆ ಜಿಗಿಯುತ್ತದೆ. ಹಾಗಾಗಿ ಕಾಲಂ ಬಿಟ್ಟು ಹೊರಬಂದ ಮೇಲಷ್ಟೇ, ಭಾರತದ ಇಂಗ್ಲಿಷ್ ರೂಢಿಯಾದ 'ಇಎನ್-ಐಎನ್' ಪ್ರಕಾರ 1,05,972 ಎಂದು ಲಕ್ಷ, ಸಾವಿರಗಳಲ್ಲಿ ಬಿಡಿಸಿ ತೋರಿಸುತ್ತೇವೆ. ಒಳಗೆ ಉಳಿಯುವುದು ಗ್ರಾಂ ಮತ್ತು ಪೈಸೆಗಳ ಪೂರ್ಣಾಂಕ ಮಾತ್ರ.

ನನ್ನನ್ನು ಬಹಳ ದಿನ ಕಾಡಿದ್ದು ತೂಕದ ಬಿಂದು. ಚೀಟಿಯಲ್ಲಿ 2.5 ಎಂದಿದ್ದರೆ ಶಾಲೆಯ ಗಣಿತದ ಪ್ರಕಾರ ಅದು 2 ಕ್ವಿಂಟಾಲ್ 50 ಕಿಲೋ. ಆದರೆ ಕ್ವಿಂಟಾಲನ್ನೂ ಕಿಲೋವನ್ನೂ ಬಿಂದುವಿನಿಂದ ಬೇರ್ಪಡಿಸಿ ಬರೆದು ರೂಢಿಯಿರುವವರಿಗೆ ಅದು 2 ಕ್ವಿಂಟಾಲ್ 5 ಕಿಲೋ. ಎರಡೂ ನಂಬಬಹುದಾದ ತೂಕಗಳೇ ಆದ್ದರಿಂದ ಯಾವ ಮಿತಿಯ ಪರೀಕ್ಷೆಯೂ ಇದನ್ನು ಹಿಡಿಯಲಾರದು. 45 ಕಿಲೋ ಅಡಿಕೆಯ ಬೆಲೆ ಸದ್ದಿಲ್ಲದೆ ಯಾರದೋ ಕೈಬಿಡುತ್ತದೆ. ಸೂಚನೆಯ ಸಾಲು ಬರೆದು ನೋಡಿದೆ, ಯಾರೂ ಓದಲಿಲ್ಲ. ಕೊನೆಗೆ ಕ್ವಿಂಟಾಲ್‌ಗೆ ಒಂದು, ಕಿಲೋಗೆ ಒಂದು ಎಂದು ಕಾಲಂ ಒಡೆದೆ. ಕ್ವಿಂಟಾಲಿನ ಕಾಲಂನಲ್ಲಿ ಬಿಂದು ಕಂಡರೆ ಅದರ ಕೆಳಗೇ "2 ಕ್ವಿಂಟಾಲ್ 50 ಕಿಲೋ ಎಂದೇ? 2 ಕ್ವಿಂಟಾಲ್ 5 ಕಿಲೋ ಎಂದೇ?" ಎಂಬ ಎರಡು ಗುಂಡಿಗಳು ಬರುತ್ತವೆ. 'ಅಮಾನ್ಯ ನಮೂದು' ಎಂಬ ಕೆಂಪು ಸಾಲಿಗಿಂತ ಈ ಪ್ರಶ್ನೆಗೆ ಜನ ಬೇಗ ಉತ್ತರಿಸುತ್ತಾರೆ. ದರ ಮಿತಿ ಮೀರಿದಂತೆ ಕಂಡರೂ ತಡೆಯುವುದಿಲ್ಲ, ಕೇಳುತ್ತೇವೆ. ಕಾಳುಮೆಣಸಿಗೆ ಸಹಜವಾದ ದರ ಅಡಿಕೆಗೆ ವಿಚಿತ್ರವಾಗಿ ಕಾಣಬಹುದಾದ್ದರಿಂದ ಮಿತಿಯೂ ಮಾಲಿನ ಮೇಲೆ ಹೋಗುತ್ತದೆ.

ಬ್ಯಾಂಕ್ ಖಾತೆಯ ಸಂಖ್ಯೆಯೂ ಸರ್ವೆ ನಂಬರೂ ಲೆಕ್ಕಕ್ಕೆ ಸೇರಿದ ಸಂಖ್ಯೆಗಳೇ ಅಲ್ಲ. ಮೊದಲಿನದನ್ನು ಸಂಖ್ಯೆಯಾಗಿ ಓದಿದರೆ ಆರಂಭದ ಸೊನ್ನೆಗಳು ಹೋಗುತ್ತವೆ, ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿದಿಡುವ ಮಿತಿಯಾದ 9007199254740991ನ್ನು ದಾಟಿದರೆ ಕೊನೆಯ ಅಂಕಿಯೂ ಬದಲಾಗಬಹುದು. ಎರಡನೆಯದರಲ್ಲಿ ಹಿಸ್ಸಾದ ಓರೆಗೆರೆ ಇರುತ್ತದೆ. ಅವನ್ನು ಬರೆದಂತೆಯೇ ಇಟ್ಟುಕೊಳ್ಳಬೇಕು.

ಇತ್ತೀಚೆಗೆ ಸದಸ್ಯರೊಬ್ಬರು ಫೋನಿನ ಕನ್ನಡ ಕೀಲಿಮಣೆಯಿಂದ ೪೮೫೦೦ ಎಂದು ಬರೆದು, ಕಾಲಂ ಒಪ್ಪುತ್ತಿಲ್ಲವೆಂದು ದೂರಿದರು. ಸರ್ವರ್‌ನಲ್ಲಿರುವ ಪೈಥಾನ್ ಭಾಷೆ ಕನ್ನಡ ಅಂಕಿಗಳನ್ನು ತಾನಾಗಿಯೇ ಓದಿಕೊಳ್ಳುತ್ತದೆ, ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಅವನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ೦ಯಿಂದ ೯ರವರೆಗಿನ ಅಂಕಿಗಳು ಸಾಲಾಗಿ ಕುಳಿತಿರುವುದರಿಂದ ಒಂದು ಕಳೆಯುವ ಲೆಕ್ಕದಲ್ಲಿ ಬದಲಾವಣೆ ಮುಗಿಯಿತು. ಕನ್ನಡ ಪುಟದಲ್ಲಿ ಕನ್ನಡ ಅಂಕಿ ನಡೆಯುತ್ತದೆಯೇ ಎಂದು ಪರೀಕ್ಷಿಸಿ ನೋಡುವ ಯೋಚನೆ ಅಲ್ಲಿಯವರೆಗೆ ನನಗೆ ಬಂದಿರಲೇ ಇಲ್ಲ.