ಕ್ರಿ.ಶ. 751: ತಲಾಸ್, ರವೆನ್ನಾ, ಸ್ವಾಸೋಂ

751ರಲ್ಲಿ ಮಧ್ಯ ಏಷ್ಯಾದ ತಲಾಸ್ ನದಿಯ ಬಳಿ ಅರಬ್ ಅಬ್ಬಾಸಿದ್ ಖಲೀಫರ ಪಡೆ ಚೀನಾದ ಟ್ಯಾಂಗ್ ರಾಜವಂಶದ ಸೇನಾಪತಿ ಗಾವೊ ಶಿಯಾನ್‌ಝಿಯನ್ನು ಸೋಲಿಸಿತು. ಟ್ಯಾಂಗ್ ಪಕ್ಷದಲ್ಲಿದ್ದ ಕಾರ್ಲುಕ್ ತುರ್ಕರು ಕದನದ ನಡುವೆ ಪಕ್ಷ ಬದಲಿಸಿದ್ದೇ ನಿರ್ಣಾಯಕವಾಯಿತು. ಆದರೆ ಚೀನಾ ಮಧ್ಯ ಏಷ್ಯಾದಿಂದ ಹಿಂದೆ ಸರಿದದ್ದಕ್ಕೆ ಈ ಸೋಲಿಗಿಂತ ಚೀನಾದೊಳಗೇ ಎದ್ದ 755ರ ಆನ್ ಲುಶಾನ್ ದಂಗೆಯೇ ದೊಡ್ಡ ಕಾರಣ; ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. ಈ ಕದನದಲ್ಲಿ ಸಿಕ್ಕ ಚೀನೀ ಸೆರೆಯಾಳುಗಳಿಂದಲೇ ಕಾಗದ ಪಶ್ಚಿಮಕ್ಕೆ ಹೋಯಿತೆಂಬ ಕಥೆಯನ್ನೂ ಹಾಗೆಯೇ ನಂಬಬಾರದು: ಮಧ್ಯ ಏಷ್ಯಾದ ಸೋಗ್ಡಿಯನ್ ವರ್ತಕರು 4ನೇ ಶತಮಾನದಲ್ಲೇ ಕಾಗದದ ಮೇಲೆ ಪತ್ರ ಬರೆದಿದ್ದರು.

ಈ ಕದನದ ಹಿಜರಿ (ಇಸ್ಲಾಮಿ ಪಂಚಾಂಗದ) ದಿನಾಂಕವನ್ನು ಕ್ರಿ.ಶ.ಗೆ ಹೊಂದಿಸುವಾಗಲೂ ಎಚ್ಚರ ಬೇಕು. ಹಿಜರಿ 133 ಶುರುವಾದದ್ದು 750ರ ಆಗಸ್ಟ್‌ನಲ್ಲಿ, ಮುಗಿದದ್ದು 751ರ ಜುಲೈನಲ್ಲಿ. ತಿಂಗಳು ನೋಡದೆ ಪರಿವರ್ತಿಸಿದರೆ ಒಂದು ವರ್ಷ ತಪ್ಪುತ್ತದೆ.

ಅದೇ 751ರಲ್ಲಿ ಇಟಲಿಯಲ್ಲಿ ಲೊಂಬಾರ್ಡ್ ದೊರೆ ಐಸ್ಟುಲ್ಫ್ ಬೈಜಾಂಟಿಯನ್ನರಿಂದ (ಪೂರ್ವ ರೋಮನ್ ಸಾಮ್ರಾಜ್ಯದಿಂದ) ರವೆನ್ನಾ ನಗರವನ್ನು ಕಸಿದುಕೊಂಡ. ಇಂದಿನ ಫ್ರಾನ್ಸ್‌ನ ಸ್ವಾಸೋಂನಲ್ಲಿ ಪೆಪಿನ್ ಫ್ರಾಂಕರ ರಾಜನಾದ. ಪದಚ್ಯುತ ರಾಜ 3ನೇ ಚಿಲ್ಡೆರಿಕ್‌ನ ಉದ್ದಗೂದಲು ಕತ್ತರಿಸಿ ಮಠಕ್ಕೆ ಕಳಿಸಿದರು. ಅವನ ರಾಜವಂಶವಾದ ಮೆರೊವಿಂಜಿಯನ್ನರಿಗೆ ಆ ಕೂದಲೇ ರಾಜಲಾಂಛನ.