ಮೂರರಿಂದ ಆರು ನಮ್ಮನೆ ರಾಹುಕಾಲ

ಕ್ಯಾಲಿಫೋರ್ನಿಯಾದ ಸನ್ನಿವೇಲ್ ಬಿಟ್ಟು ಅರಿಜೋನಾದ ಚಾಂಡ್ಲರಿಗೆ ಬಂದು ನಾಲ್ಕು ವರ್ಷ ಆಯ್ತು, ಊರಿಂದ ಯಾರೇ ಫೋನ್ ಮಾಡಿದ್ರೂ ಕೇಳೋದು ಎರಡೇ, ಅಲ್ಲಿ ಖರ್ಚು ಕಮ್ಮಿ ಅಂತೆ ಹೌದಾ, ಆ ಬಿಸಿಲಲ್ಲಿ ಹೆಂಗೆ ಇರ್ತೀರ. ನನ್ನ ಕೇಳಿದ್ರೆ ಎರಡೂ ಒಂದೇ ಪ್ರಶ್ನೆ. ಬಾಡಿಗೆಲಿ ಉಳಿಸಿದ್ದನ್ನ ಇಲ್ಲಿ ಸೂರ್ಯಪ್ಪನಿಗೆ ಕಂತಲ್ಲಿ ಕಟ್ತೀವಿ ಅಷ್ಟೇ.

ಅಲ್ಲಿ ಒಂದು ಬೆಡ್‌ರೂಮಿಗೆ 2,900 ಡಾಲರ್ ಕೊಡ್ತಿದ್ವಿ, ಇಲ್ಲಿ ಹಿತ್ತಲು ಇರೋ ಮೂರು ಬೆಡ್‌ರೂಮ್ ಮನೆಗೆ 2,400. ಸ್ಟೇಟ್ ಇನ್‌ಕಮ್ ಟ್ಯಾಕ್ಸು ಎಲ್ಲರಿಗೂ ಒಂದೇ ರೇಟು, 2.5 ಪರ್ಸೆಂಟ್. ಬಾಡಿಗೆ ಮೇಲೆ ಸಿಟಿಯವರು ಹಾಕ್ತಿದ್ದ ಟ್ಯಾಕ್ಸನ್ನೂ 2025 ಜನವರಿಯಿಂದ ಇಡೀ ರಾಜ್ಯದಲ್ಲಿ ತೆಗೆದುಹಾಕಿದ್ರು. ಇಷ್ಟು ಕೇಳಿ ನಮ್ಮ ಅತ್ತಿಗೆ ಆಗಲೇ ಗಂಡನಿಗೆ ಇಲ್ಲೇ ಕೆಲಸ ಹುಡುಕ್ರೀ ಅಂತಿದ್ರು, ನಾನು ಜುಲೈ ತಿಂಗಳ ಕರೆಂಟ್ ಬಿಲ್ ಫೋಟೋ ಕಳಿಸಿದೆ, 340 ಡಾಲರ್, ಆಮೇಲೆ ಆ ಸುದ್ದಿನೇ ಎತ್ತಿಲ್ಲ.

ನಮ್ಮ ಕರೆಂಟ್ ಪ್ಲಾನಲ್ಲಿ ವೀಕ್‌ಡೇ ಮಧ್ಯಾಹ್ನ ಮೂರರಿಂದ ಆರು ದುಬಾರಿ ಟೈಮು, ಉಳಿದ ಹೊತ್ತು ಅಗ್ಗ. ಅದಕ್ಕೆ ಬೆಳಗ್ಗೆಯಿಂದ್ಲೇ ಎಸಿನ 74 ಫ್ಯಾರನ್‌ಹೀಟಿಗೆ ಇಟ್ಟು ಮನೆನ ಫ್ರಿಜ್ ಥರ ಮಾಡಿ, ಮೂರಕ್ಕೆ ಸರಿಯಾಗಿ 82ಕ್ಕೆ ಏರಿಸಿ, ಕರ್ಟನ್ ಎಳೆದು ಎಲ್ಲರೂ ಸುಮ್ನೆ ಕೂರೋದು. ವಾಷಿಂಗ್ ಮಷೀನ್ ಇಲ್ಲ, ಇಸ್ತ್ರಿ ಇಲ್ಲ, ನಮ್ದು ಕರೆಂಟ್ ಒಲೆ ಆದ್ದರಿಂದ ಟೀ ಕೂಡ ಎರಡೂ ಮುಕ್ಕಾಲಿಗೇ ಆಗಿ ಫ್ಲಾಸ್ಕಿಗೆ ಹೋಗಿರ್ಬೇಕು. ಹೋದ ವರ್ಷ ಮೇ ತಿಂಗಳಲ್ಲಿ ಚಳ್ಳಕೆರೆಯಿಂದ ಅಮ್ಮ ಬಂದ್ರಲ್ಲ, ಎರಡು ದಿನ ಇದನ್ನ ನೋಡಿ, "ಪಂಚಾಂಗದ ರಾಹುಕಾಲನಾದ್ರೂ ಒಂದೂವರೆ ಗಂಟೆ ಕಣೇ, ನಿಂದು ಮೂರು ಗಂಟೆ, ಅದೂ ದಿನಾ ಒಂದೇ ಹೊತ್ತಿಗೆ" ಅಂದ್ರು. ಅವತ್ತಿಂದ ಅದಕ್ಕೆ ಅದೇ ಹೆಸರು. ಮಗಳು ಕೂಡ ಅಜ್ಜಿ ರಾಹುಕಾಲ ಮುಗೀತಾ ಟಿವಿ ಹಾಕ್ಲಾ ಅಂತ ಕೇಳೋಳು, ಟಿವಿ ಏನೂ ಅಷ್ಟು ಕರೆಂಟ್ ತಿನ್ನಲ್ಲ, ಆದ್ರೆ ಅವಳಿಗೆ ನಾನು ಅದನ್ನ ಹೇಳಿಲ್ಲ.

ಬಿಸಿಲು ಅಂದ್ರೆ ಎಷ್ಟು ಅಂತ ಹೇಳ್ತೀನಿ. 2023ರಲ್ಲಿ ಪಕ್ಕದ ಫೀನಿಕ್ಸಲ್ಲಿ ಸತತ 31 ದಿನ 110 ಡಿಗ್ರಿ, ಅಂದ್ರೆ ನಮ್ಮ ಲೆಕ್ಕದಲ್ಲಿ 43, ಮುಟ್ಟಿತ್ತು ಇಲ್ಲ ದಾಟಿತ್ತು. ಹಗಲು ಹೋಗ್ಲಿ ಬಿಡಿ, ರಾತ್ರಿನೂ 90ರ ಕೆಳಗೆ ಇಳೀದೇ ಇರೋದು ಇದೆಯಲ್ಲ ಅದು ಕಷ್ಟ. ಜುಲೈನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದ್ರೆ ಬರೋದೇ ಬಿಸಿನೀರು, ಸ್ನಾನಕ್ಕೆ ಗೀಸರ್ ಬೇಕಾಗಲ್ಲ, ಆದ್ರೆ ತರಕಾರಿ ತೊಳೆದ್ರೆ ಕೊತ್ತಂಬರಿ ಸೊಪ್ಪು ಬಾಡಿಹೋಗುತ್ತೆ. ಕಾರಿನ ಬ್ಯಾಟರಿ ಎರಡು ಮೂರು ವರ್ಷ ಬಂದ್ರೆ ಪುಣ್ಯ. ನಂದು ಒಂದು ಆಗಸ್ಟಲ್ಲಿ ಇಂಡಿಯನ್ ಅಂಗಡಿ ಪಾರ್ಕಿಂಗಲ್ಲೇ ಸತ್ತೋಯ್ತು, ಡಿಕ್ಕಿಲಿ ಹಾಲು, ಮೊಸರು, ದೋಸೆ ಹಿಟ್ಟು, ಜಂಪ್‌ಸ್ಟಾರ್ಟ್ ಮಾಡೋನು ಬರೋದ್ರೊಳಗೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎದ್ದಿತ್ತು. ಹೊಸ ಬ್ಯಾಟರಿಗೆ 210 ಡಾಲರ್, ಹಿಟ್ಟಿನ ವಾಸನೆ ಒಂದು ವಾರ. ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಾಡೋ ಊರು ಇದು, ವೇಮೊದವರು ಶುರುಮಾಡಿದ್ದೇ ಈ ಕಡೆ, ಆದ್ರೂ ಮನೆಗೆ ಎರಡು ಸ್ವಂತ ಕಾರು ಇಲ್ದೇ ಆಗಲ್ಲ.

ಅಮ್ಮನಿಗೆ ಬಿಸಿಲು ಹೊಸದಲ್ಲ, ಅವರದ್ದೂ ಮಳೆ ಕಾಣದ ತಾಲ್ಲೂಕು. ಅವರಿಗೆ ಅರ್ಥ ಆಗದೇ ಇದ್ದಿದ್ದು ಮಳೆ ಇಲ್ಲದ ಊರಲ್ಲಿ ಹಿಂದಿನ ಮನೆಯೋರಿಗೆ ಸ್ವಿಮ್ಮಿಂಗ್ ಪೂಲ್ ಹೆಂಗೆ ಅನ್ನೋದು. ಕೊಲರಾಡೋ ನದಿ ನೀರನ್ನ 336 ಮೈಲಿ ಕಾಲುವೆ ಕಟ್ಟಿ ಮರಳುಗಾಡಲ್ಲಿ ಹರಿಸ್ತಾರೆ, ಜೊತೆಗೆ ಸಾಲ್ಟ್ ರಿವರ್ ನೀರೂ ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನಮಗೆ ವಾಣಿವಿಲಾಸ ಸಾಗರ ಇಷ್ಟು ಹತ್ರ ಇಟ್ಕೊಂಡೂ ಕೊಡ ಹಿಡ್ಕೊಂಡು ನಿಂತಿದ್ವಲ್ಲೇ" ಅಂದ್ರು.

ಅಂಥ ಬಿಸಿಲು ಸುಮ್ನೆ ಹಾಳಾಗ್ತಿದೆ ಅಂತ ಅವರಿಗೆ ಒಂದೇ ಸಂಕಟ. ಒಂದಿನ ನಾನು ಎದ್ದು ನೋಡ್ತೀನಿ, ಡ್ರೈವ್‌ವೇ ಮೇಲೆ ಅಪ್ಪನ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸಬ್ಬಕ್ಕಿ ಸಂಡಿಗೆ ಸಾಲಾಗಿ ಇಟ್ಟಿದ್ದಾರೆ, ಪಕ್ಕದಲ್ಲಿ ತಟ್ಟೆ ತುಂಬ ಮಜ್ಜಿಗೆ ಮೆಣಸಿನಕಾಯಿ. ಊರಲ್ಲಿ ಎರಡು ಮೂರು ದಿನ ಬೇಕಿತ್ತು, ಇಲ್ಲಿ ಮಧ್ಯಾಹ್ನದೊಳಗೆ ಪಂಚೆಯಿಂದ ತಾನೇ ಬಿಟ್ಕೊಂಡು ಗಲಗಲ ಅಂತಿತ್ತು. ನಾಲ್ಕನೇ ದಿನ ಎಚ್‌ಒಎ, ಅಂದ್ರೆ ಬಡಾವಣೆಯ ಮನೆ ಓನರುಗಳ ಸಂಘದಿಂದ, ನಮ್ಮ ಓನರಿಗೆ ಲೆಟರ್ ಹೋಗಿ ಅವರು ನಮಗೆ ಫಾರ್ವರ್ಡ್ ಮಾಡಿದ್ರು, ಮನೆ ಮುಂದೆ ಬಟ್ಟೆ ಒಣಗಿಸೋ ಹಾಗಿಲ್ಲ ಅಂತ, ಫೋಟೋ ಸಮೇತ. ಫೋಟೋದಲ್ಲಿ ಸಂಡಿಗೆ ಚೆನ್ನಾಗೇ ಬಂದಿತ್ತು. ಅಮ್ಮ ಫೋನನ್ನ ಹತ್ರ ಹಿಡಿದು ನೋಡಿ, ಎಡಗಡೆ ಸಾಲು ಸ್ವಲ್ಪ ದಪ್ಪ ಆಯ್ತು ಅಂತ ಹೇಳಿ ಮಾರನೇ ದಿನದಿಂದ ಹಿತ್ತಲಿಗೆ ಶಿಫ್ಟ್ ಮಾಡಿದ್ರು.

ಅವತ್ತು ಸಂಜೆ ಬಾಣಲೆಗೆ ಎಣ್ಣೆ ಹಾಕಿ ರೆಡಿ ಮಾಡ್ಕೊಂಡು ಗಡಿಯಾರ ನೋಡ್ತಾ ನಿಂತಿದ್ರು, ಆರು ಹೊಡೀತಿದ್ದಂಗೆ ಒಲೆ ಹಚ್ಚಿದ್ರು.